ಎಡಬಲ ಅರಿಯದ ಪಟ್ಟಿ

ಮೀಟರಿನಲ್ಲಿ ಸಂಖ್ಯೆಯ ಮುಂದೆ ಮತ್ತೆ ಆ ಮೈನಸ್ ಗೆರೆ ಮೂಡಿತು. ಅವಳಿಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ಬಂತು ಎನ್ನುವುದೂ ತಪ್ಪು. ಸಿಟ್ಟು ಬೆಳಿಗ್ಗೆಯಿಂದ ಒಳಗೇ ಕೂತಿತ್ತು, ಕಾಲು ಚಾಚಲು ಜಾಗ ಹುಡುಕುತ್ತಿತ್ತು. ಮಗಳು ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತ ಕೂತಿದ್ದಾಗ ಅವಳ ಮೇಲೆ ರೇಗಿದ್ದಳು. ಆಮೇಲೆ ಬಸ್ಸಿನಲ್ಲಿ, ತನ್ನ ಪಾಡಿಗೆ ನಿಂತಿದ್ದ ಮುದುಕನೊಬ್ಬನ ಕೊಡೆ ಮೊಣಕಾಲಿಗೆ ತಾಗಿದ್ದಕ್ಕೆ ಎಲ್ಲರೂ ತಿರುಗಿ ನೋಡುವ ಹಾಗೆ ಮಾತಾಡಿದ್ದಳು. ಮುದುಕ "ತಪ್ಪಾಯ್ತಮ್ಮ" ಎಂದಿದ್ದ. ಅವನು ಹಾಗೆ ಅಂದದ್ದು ಇನ್ನೂ ಕಿವಿಯಲ್ಲಿ ಕೊರೆಯುತ್ತಿತ್ತು, ಅದಕ್ಕೂ ಸಿಟ್ಟು. ಈಗ ಈ ಗೆರೆ. ಇವತ್ತು ಬರಕೂಡದಾಗಿದ್ದ ಗೆರೆ. ತಪ್ಪು ಯಾರದ್ದೆಂದು ನಿನ್ನೆಯೇ ಗೊತ್ತಾಗಿತ್ತು, ಅವನನ್ನು ಎಲ್ಲರೆದುರು ನಿಲ್ಲಿಸಿ ಆಗಿತ್ತು, ಮಧ್ಯಾಹ್ನ ಕಾರ್ಖಾನೆ ನಡೆಸುವ ಮೇಡಂ ಬಂದು ಅವನನ್ನು ಮನೆಗೆ ಕಳಿಸುವುದೊಂದೇ ಬಾಕಿ. ಹೀಗಿರುವಾಗ ಪಟ್ಟಿಗಳು ಯಾಕೆ ಇನ್ನೂ ತಿರುಗಿಬೀಳುತ್ತಿವೆ?

ಇಲ್ಲಿ ತಯಾರಾಗುವ, ಕಾಂತಕ್ಷೇತ್ರವನ್ನು ಗುರುತಿಸುವ ಪಟ್ಟಿ ಎಂದರೆ ಕಣ್ಣಿಗೆ ಗಟ್ಟಿಯಾಗಿ ಕಾಣುವಂಥದ್ದೇನೂ ಅಲ್ಲ. ಉಗುರಿನಷ್ಟು ಗಾಜಿನ ಚೂರಿನ ಮೇಲೆ ನಿಕ್ಕಲ್ಲೂ ಕಬ್ಬಿಣವೂ ಬೆರೆತ ಒಂದು ಪೊರೆ. ತಲೆಗೂದಲನ್ನು ಸಾವಿರ ಪದರವಾಗಿ ಬಿಡಿಸಲು ಬಂದರೆ ಅದರಲ್ಲೊಂದು ಪದರದಷ್ಟು ತೆಳುವು. ಪಕ್ಕದ ಕೋಣೆಯ ನಿರ್ವಾತದ ಪೆಟ್ಟಿಗೆಯಲ್ಲಿ ಆ ಪೊರೆ ಕೂರಿಸುವವನನ್ನು ಎಲ್ಲರೂ ಚೇಂಬರಣ್ಣ ಎನ್ನುತ್ತಿದ್ದರು. ಅವನು ಕೂರಿಸಿ ಕಳಿಸಿದ್ದನ್ನು ಇವಳು ಅಳೆಯಬೇಕು. ಚಿಮುಟದಲ್ಲಿ ಎತ್ತಿ, ಬಾಗಿ, ಭೂತಗನ್ನಡಿಯ ಕೆಳಗೆ ಎರಡು ತಾಮ್ರದ ಸುರುಳಿಗಳ ನಡುವೆ ಇಟ್ಟು, ಎಡದಿಂದ ಒಮ್ಮೆ ಬಲದಿಂದ ಒಮ್ಮೆ ಸಣ್ಣಗೆ ಕಾಂತಕ್ಷೇತ್ರ ಕೊಟ್ಟು, ಪಟ್ಟಿ ಏನನ್ನುತ್ತದೆ ಎಂದು ಮೀಟರಿನಲ್ಲಿ ನೋಡಬೇಕು. ಪೊರೆಯೊಳಗಿನ ಕಾಂತತೆ ಪಟ್ಟಿಯ ಉದ್ದಕ್ಕೆ ಮಲಗಿರುತ್ತದೆ. ಅಡ್ಡದಿಂದ ನೂಕಿದರೆ ಸ್ವಲ್ಪ ಹೊರಳುತ್ತದೆ. ಹೊರಳಿದಷ್ಟೂ ವಿದ್ಯುತ್ತಿಗೆ ಅದು ಒಡ್ಡುವ ತಡೆ ಇಳಿಯುತ್ತದೆ, ಹೆಚ್ಚೆಂದರೆ ನೂರಕ್ಕೆ ಎರಡೋ ಮೂರೋ ಪಾಲು. ಆದರೆ ಬರಿಯ ಪಟ್ಟಿಗೆ ಎಡ ಬಲ ತಿಳಿಯುವುದಿಲ್ಲ. ಎಡದಿಂದ ನೂಕಿದರೂ ಅದೇ ಇಳಿತ, ಬಲದಿಂದ ನೂಕಿದರೂ ಅದೇ. ನೂಕಿದರು ಎಂಬುದಷ್ಟೇ ಗೊತ್ತು, ಯಾವ ಕಡೆಯಿಂದ ಎಂಬುದು ಗೊತ್ತಿಲ್ಲ. ಅದಕ್ಕೇ ಪಟ್ಟಿಯ ಮೇಲೆ ಓರೆಯಾಗಿ ಅಲ್ಯೂಮಿನಿಯಂ ಗೆರೆಗಳನ್ನು ಹಾಕುವುದು. ಆಗ ವಿದ್ಯುತ್ತು ಓರೆಯಾಗಿ ಹರಿಯುತ್ತದೆ, ಒಂದು ಕಡೆಯಿಂದ ನೂಕಿದರೆ ಏರು, ಇನ್ನೊಂದು ಕಡೆಯಿಂದ ನೂಕಿದರೆ ಇಳಿತ. ಇದನ್ನೆಲ್ಲ ಅವಳೇ ಇದೇ ಸ್ಟೂಲಿನ ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನೆ ಎಲ್ಲರೆದುರು ನಿಲ್ಲಿಸಿದ ಆ ಹುಡುಗನಿಗೆ ಹೇಳಿಕೊಟ್ಟಿದ್ದಳು. ಚಿಮುಟ ಹಿಡಿಯುವುದನ್ನೂ ಅವಳೇ ಕಲಿಸಿದ್ದಳು. ಮೊದಲ ದಿನ ಅವನ ಕೈಯಿಂದ ಗಾಜು ಎರಡು ಸಲ ಹಾರಿತ್ತು. "ಹಾಗಾದ್ರೆ ಬರೀ ಪಟ್ಟಿ ಮಂಕು ಅನ್ನಿ" ಎಂದು ಅವನು ಕೇಳಿದಾಗ "ಮಂಕಲ್ಲಪ್ಪ, ನಮ್ಮತ್ತೆ ಇದ್ದ ಹಾಗೆ. ಯಾರೋ ಏನೋ ಅಂದಿರ್ತಾರೆ, ಮುಖ ಊದಿಸ್ಕೊಳ್ಳೋದು ನನ್ನ ಮೇಲೆ" ಎಂದು ನಗಿಸಿದ್ದಳು. ಅತ್ತೆಯ ಮಾತೆತ್ತಿದರೆ ಇಲ್ಲಿ ಎಲ್ಲರೂ ನಗುತ್ತಿದ್ದರು. ಊಟದ ಹೊತ್ತಿಗೆ "ಏನು, ಇವತ್ತು ನಿಮ್ಮತ್ತೆ ಏನಂದ್ರು?" ಎಂದು ತಾವಾಗಿ ಕೇಳುತ್ತಿದ್ದರು. ಆ ಹುಡುಗ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅವಳ ಕೈಕೆಳಗೆ ಕಲಿತವನು, ಈಗ ಅವಳ ಮೇಲ್ವಿಚಾರಕ. ಅಂಗಿಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲವಾದ್ದರಿಂದ ಹಿಂದಿನಿಂದ ಎಲ್ಲರೂ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಹೆಸರಿಟ್ಟವಳೂ ಅವಳೇ.

ಬಲವಾದ ಅಯಸ್ಕಾಂತ ಹತ್ತಿರ ಸುಳಿದರೆ ಪಟ್ಟಿಯೊಳಗಿನ ಕಾಂತತೆ ಉಲ್ಟಾ ಮಲಗಿಬಿಡುತ್ತದೆ, ಕಾಲಿದ್ದಲ್ಲಿ ತಲೆ. ಪಟ್ಟಿ ಕೆಟ್ಟಿರುವುದಿಲ್ಲ, ಮುರಿದಿರುವುದಿಲ್ಲ. ಎಡವನ್ನು ಬಲ ಎನ್ನುತ್ತದೆ, ಬಲವನ್ನು ಎಡ ಎನ್ನುತ್ತದೆ, ಅಷ್ಟೆ. ದೊಡ್ಡ ಸುರುಳಿಯಲ್ಲಿಟ್ಟು ಒಂದು ಏಟು ಕೊಟ್ಟರೆ, ಎಂದರೆ ಕಣ್ಣು ಮಿಟುಕಿಸುವುದರೊಳಗೆ ಜೋರಾಗಿ ಒಂದು ಸಲ ವಿದ್ಯುತ್ತು ಹರಿಸಿದರೆ, ಮತ್ತೆ ಸರಿಹೋಗುತ್ತದೆ. ಆದರೆ ಕೆಲವು ವಾರಗಳಿಂದ ಸರಿಹೋದವೂ ಅಳೆಯುವಷ್ಟರಲ್ಲಿ ಮತ್ತೆ ತಿರುಗಿಬೀಳುತ್ತಿದ್ದವು. ಟ್ರೇಗಟ್ಟಲೆ ತಿರಸ್ಕಾರವಾದವು. ಪೊರೆಯೇ ದುರ್ಬಲ, ಚೇಂಬರಣ್ಣನ ಕೈ ಕೆಟ್ಟಿದೆ ಎಂದು ಇಸ್ತ್ರಿ ಹೇಳಿದ. ಮೆತ್ತಗೆ, ಯಾರಿಗೂ ನೋವಾಗದ ಹಾಗೆ ಹೇಳಿದ, ಅದೇ ಅವಳಿಗೆ ಮೈ ಉರಿಸಿದ್ದು. ಮೇಡಂ ಹೊಸಬನನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂದ ಮೇಲೆ ಚೇಂಬರಣ್ಣ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ನಿನ್ನೆ ಇಸ್ತ್ರಿ ಅಳತೆಯ ಕೋಣೆಗೆ ಬಂದು, ಮೇಜಿನ ಮೇಲೆ ಬಾಗಿ, "ಸ್ವಲ್ಪ ಬೇಗ ಮುಗಿಸೋಕೆ ಆಗುತ್ತಾ?" ಎಂದಾಗ ಮೀಟರಿನ ಸಂಖ್ಯೆ ಹಾರಿತು. ಅವನು ಹಿಂದೆ ಸರಿದ, ಸಂಖ್ಯೆ ಕೂತಿತು, ಮುಂದೆ ಮೈನಸ್ ಗೆರೆ ಹಾಕಿಕೊಂಡು. ಅವನ ಎದೆಯ ಮೇಲೆ ಹೆಸರಿನ ಹೊಸ ಬಿಲ್ಲೆ ಇತ್ತು. ಕೆಲವು ವಾರಗಳ ಹಿಂದಷ್ಟೇ ಮೇಡಂ ಮೇಲ್ವಿಚಾರಕರಿಗೆಲ್ಲ ಹಂಚಿದ್ದು. ಅಂಗಿಗೆ ಪಿನ್ನಿನ ತೂತು ಬೀಳದ ಹಾಗೆ ಹಿಂದೆ ಅಯಸ್ಕಾಂತ. ಆಮೇಲೆ ಅವಳು ಏನೇನು ಅಂದಳೋ. ಬಾಗಿಲಲ್ಲಿ ಬುಟ್ಟಿ ಇಟ್ಟಿರುವುದು ಅಲಂಕಾರಕ್ಕಾ ಎಂದಳು. ಎಲ್ಲರೂ ಕೀಲಿ, ಫೋನು, ತಲೆಪಿನ್ನು ಅದರಲ್ಲಿ ಹಾಕಿ ಒಳಗೆ ಬರಬೇಕು, ನಿಮಗೆ ಮಾತ್ರ ಬೇರೆ ಕಾನೂನಾ ಎಂದಳು. ಎದೆ ಮೇಲೆ ಅಯಸ್ಕಾಂತ ಅಂಟಿಸಿಕೊಂಡು ಬಂದು ನಮ್ಮಣ್ಣನ ಅನ್ನ ಕಿತ್ಕೊಳ್ತೀರಾ ಎಂದಳು. ಪ್ಯಾಕಿಂಗಿನವರು ಕೆಲಸ ಬಿಟ್ಟು ಬಾಗಿಲಲ್ಲಿ ಗುಂಪುಗೂಡಿದ್ದರು. ಅವನು ಬಿಲ್ಲೆ ತೆಗೆಯುವಾಗ ಹಿಂದಿನ ತುಂಡು ಅಂಗಿಯೊಳಗೆ ಜಾರಿತು. ಎಲ್ಲರೆದುರು ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು ಕೊಡವಬೇಕಾಯಿತು. ಅದು ಟಣ್ ಎಂದು ನೆಲಕ್ಕೆ ಬಿದ್ದಾಗ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಎದೆ ತುಂಬ ಗಾಳಿ ಎಳೆದುಕೊಂಡ ಹಾಗೆ ಅನಿಸಿತ್ತು.

ಬಾಗಿಲು ಸ್ವಲ್ಪ ತೆರೆದು ಚೇಂಬರಣ್ಣ ತಲೆ ಹಾಕಿದ. ಒಂದು ಕೈಯಲ್ಲಿ ಅವಳಿಗೆಂದು ತಂದ ಕಾಫಿ.

"ಹೊರಗೆ ಬಾ ತಾಯಿ, ಒಳಗೆ ಕುಡಿಯೋ ಹಾಗಿಲ್ಲ ಅಂತೀಯ. ಕೀಲಿ ಬುಟ್ಟಿಗೆ ಹಾಕಿದೀನಿ, ಸೊಂಟಪಟ್ಟಿನೂ ಬಿಚ್ಚಿದೀನಿ, ಇನ್ನು ಪ್ಯಾಂಟ್ ಬಿದ್ರೆ ನಿನ್ನ ಜವಾಬ್ದಾರಿ."

"ಅಣ್ಣಾ, ಇನ್ನೂ ಬರ್ತಾ ಇದೆ."

"ಏನು?"

"ಮೈನಸ್ಸು."

"ಬಂದ್ರೆ ಬರ್ಲಿ ಬಿಡು. ಇವತ್ತು ಇಸ್ತ್ರಿ ಸುಕ್ಕಾಗ್ತಾನೆ, ನಂಗೆ ಅಷ್ಟು ಸಾಕು. ಅವನಿನ್ನೂ ಖಾಯಂ ಆಗಿಲ್ಲ, ಗೊತ್ತಲ್ಲ? ಮೇಡಂ ಒಂದು ಮಾತು ಹೇಳಿದ್ರೆ ಮುಗೀತು." ಅವನು ಲೋಟ ಮುಂದೆ ಹಿಡಿದ. ತಿಂಗಳಿಂದ ಮೊದಲ ಸಲ ಗಡ್ಡ ಬೋಳಿಸಿಕೊಂಡು ಬಂದಿದ್ದ. "ನಮ್ಮನೆಯವಳು ನಿನ್ನೆ ರಾತ್ರಿ ನಿನ್ನ ಹೆಸರು ಹೇಳ್ಕೊಂಡು ಅತ್ತಳು ಮಾರಾಯ್ತಿ. ಆ ಹೆಣ್ಣು ಇಲ್ಲದಿದ್ರೆ ನಿಮ್ಮ ಗತಿ ಏನಾಗ್ತಿತ್ತು ಅಂತ."

ಅವಳು ಬಾಗಿಲಾಚೆ ನಿಂತು ಕಾಫಿ ಕುಡಿದಳು. ತಣ್ಣಗಾಗಿತ್ತು. ಒಳಗೆ ಬಂದು ಇನ್ನೊಂದು ಟ್ರೇ ತೆಗೆದಳು. ಬಿಲ್ಲೆ ಈಗ ಕಟ್ಟಡದಲ್ಲೇ ಇಲ್ಲ. ನಿನ್ನೆಯೇ ಕಾವಲುಗಾರನ ಗೂಡಿನಲ್ಲಿ ಇಡಿಸಿದ್ದಳು. ಸುರುಳಿಯಲ್ಲಿಟ್ಟು ಏಟು ಕೊಟ್ಟಳು. ಚಿಮುಟದಲ್ಲಿ ಎತ್ತಿದಳು, ಬಾಗಿದಳು, ಇಟ್ಟಳು. ಮೈನಸ್. ಇನ್ನೊಂದು. ಮೈನಸ್. ಮತ್ತೊಂದು ಸರಿಯಾಗಿತ್ತು, ಅದರ ನಂತರದ್ದು ಮತ್ತೆ ಮೈನಸ್. ಅವಳ ಹೆಬ್ಬೆರಳು ಸ್ಪಿರಿಟ್ಟಿನಲ್ಲಿ ಗಾಜು ಒರೆಸಿ ಒರೆಸಿ ಬಿರಿದಿತ್ತು. ಚಿಮುಟ ಒತ್ತಿದಾಗಲೆಲ್ಲ ಬಿರುಕು ಬಾಯಿ ತೆರೆಯುತ್ತಿತ್ತು. ಆ ನೋವು ನೇರವಾಗಿ ತಲೆಗೆ ಹತ್ತಿತು. ಅವನೇ. ಬೇಕೆಂದೇ ಮಾಡುತ್ತಿದ್ದಾನೆ. ಬಿಲ್ಲೆ ಕೊಟ್ಟು ಇನ್ನೇನನ್ನೋ ಇಟ್ಟುಕೊಂಡಿದ್ದಾನೆ, ಬೆಳಿಗ್ಗೆ ಟ್ರೇ ಇರುವ ಕಪಾಟಿನ ಹತ್ತಿರ ಸುಳಿದಾಡಿದ್ದಾನೆ, ಇವಳು ಹೇಳಿದ್ದು ಸುಳ್ಳು ಎಂದು ಮೇಡಂ ಮುಂದೆ ತೋರಿಸಲು. ಹೀಗೆ ಯೋಚಿಸಿದಾಗ ಅದು ಎಷ್ಟು ಸರಾಗವಾಗಿ ಬಂತೆಂದರೆ, ತಾನು ಯೋಚಿಸಿದ್ದಲ್ಲ, ಯಾರೋ ಓದಿ ಹೇಳಿದ್ದು ಎನಿಸಿತು. ಹೊರಗೆ ಹೋದಳು.

ಅವನು ಕಾರಿಡಾರಿನ ಕೊನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಫೋನಿನಲ್ಲಿ ಯಾರಿಗೋ "ಇಲ್ಲ, ಏನೂ ಆಗಿಲ್ಲ, ಊಟ ಮಾಡಿದೆ" ಎನ್ನುತ್ತಿದ್ದ. ಅವಳನ್ನು ನೋಡಿ ಫೋನು ಇಟ್ಟ.

"ಜೇಬಲ್ಲಿ ಏನಿದೆ?"

"ಏನು?"

"ಜೇಬಲ್ಲಿ. ತೆಗೆದು ತೋರಿಸಿ."

ಪ್ಯಾಕಿಂಗಿನ ಬಾಗಿಲಲ್ಲಿ ಎರಡು ಮುಖ ಕಾಣಿಸಿಕೊಂಡವು. ಅವನು ಅವುಗಳ ಕಡೆ ನೋಡಿದ, ಆಮೇಲೆ ಅವಳ ಕಡೆ. ಮರುಮಾತಾಡದೆ ಜೇಬಿನೊಳಗಿನದನ್ನು ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಮಡಿಸಿದ ಕರವಸ್ತ್ರ, ಬಸ್ಸಿನ ಪಾಸು, ಹಲ್ಲುಕಡ್ಡಿ, ಅರ್ಧ ಸವೆದ ರಬ್ಬರು. ನಂತರ ಜೇಬುಗಳನ್ನೇ ಹೊರಗೆಳೆದು ತೋರಿಸಿದ. ಬಿಳಿಯ ಎರಡು ಕಿವಿಗಳ ಹಾಗೆ ಅವು ಸೊಂಟದ ಆಚೀಚೆ ಜೋತಾಡಿದವು.

"ಇನ್ನೇನು ತೆಗೀಬೇಕು ಹೇಳಿ. ಅಂಗಿನೂ ಬಿಚ್ಚಲಾ? ನಿನ್ನೆ ಅರ್ಧ ಬಿಚ್ಚಿಸಿದ್ದಾಯ್ತಲ್ಲ."

"ನಾಟಕ ಬೇಡ."

"ನಾಟಕ ಯಾರದ್ದು?" ಅವನ ದನಿ ಏರಲಿಲ್ಲ, ಒಡೆಯಿತು. "ನಿಮ್ಮ ಹತ್ತಿರ ಕಲಿತೋನು ನಾನು. ಒಂದು ಸಲ, ಒಂದೇ ಸಲ, ಒಳಗೆ ಕರೆದು ಹೇಳಬಹುದಿತ್ತು. ಹೀಗಪ್ಪಾ, ಬಿಲ್ಲೆ ತೆಗೀ ಅಂತ. ತೆಗೀತಿರಲಿಲ್ವಾ ನಾನು?"

ಅವಳು ಬೆನ್ನು ತಿರುಗಿಸಿದಳು. ಬೆನ್ನ ಹಿಂದೆ ಅವನು ರಬ್ಬರನ್ನೂ ಹಲ್ಲುಕಡ್ಡಿಯನ್ನೂ ಮತ್ತೆ ಜೇಬಿಗೆ ತುಂಬಿಕೊಳ್ಳುವ ಸದ್ದು. ಅಳತೆಯ ಕೋಣೆಯ ಬಾಗಿಲ ಬಳಿ ಬಂದು, ಕೂದಲು ಕಣ್ಣಿಗೆ ಬೀಳುತ್ತಿದೆಯೆಂದು, ತನ್ನ ತಲೆಪಿನ್ನಿಗಾಗಿ ಬುಟ್ಟಿಯ ಮೇಲೆ ಬಾಗಿದಳು. ಕಾರಿಡಾರಿನಲ್ಲಿರುವಾಗ ಹಾಕಿಕೊಂಡು ಒಳಗೆ ಹೋಗುವಾಗ ತೆಗೆಯುವುದು ಅಭ್ಯಾಸ. ಯಾವತ್ತೂ ನೋಡದೆ ಕೈ ಹಾಕಿ ಎತ್ತಿಕೊಳ್ಳುತ್ತಿದ್ದಳು, ಹೀಗೆ ಎದೆ ತಾಗುವಷ್ಟು ಬಾಗಿರಲಿಲ್ಲ. ಪಿನ್ನು ಕೈಗೆ ಸಿಗಲಿಲ್ಲ. ಸಣ್ಣದೊಂದು ಟಿಕ್ ಸದ್ದಾಯಿತು. ನೋಡಿದರೆ ಅದು ಅವಳ ಎದೆಗೆ ಅಂಟಿಕೊಂಡಿತ್ತು. ಬಿಳಿ ಕೋಟಿನ ಎರಡನೆಯ ಗುಂಡಿಯ ಜಾಗದಲ್ಲಿ, ಬಟ್ಟೆಗೆ ಕಚ್ಚಿಕೊಂಡು, ಅಡ್ಡಡ್ಡ. ಕಿತ್ತಳು. ಬಿಟ್ಟಳು. ಮತ್ತೆ ಅಂಟಿತು.

ಟಿಚ್ ಬಟನ್ ಎಂದುಕೊಂಡಿದ್ದಳು. ಹಳೆಯ ಗುಂಡಿ ಬಿದ್ದುಹೋಗಿತ್ತು, ಕೆಲವು ವಾರಗಳ ಹಿಂದೆ ಒಂದು ದಿನ ನೋಡಿದರೆ ಅಲ್ಲಿ ಬಟ್ಟೆ ಹೊದಿಸಿದ ಟಿಚ್ ಬಟನ್ ಇತ್ತು. ಬೆರಳು ತಾಗಿಸಿದರೆ ಸಾಕು, ತಾನಾಗಿ ಕೂಡಿಕೊಳ್ಳುತ್ತಿತ್ತು. ಬೆಳಗಿನ ಗಡಿಬಿಡಿಯಲ್ಲಿ, ಒಂದು ಕೈಯಲ್ಲಿ ಮಗಳ ಜಡೆ ಇರುವಾಗ, ಈ ಮನೆಯಲ್ಲಿ ಹೇಳಿದ ಮಾತು ಕೇಳುವುದು ಇದೊಂದೇ ಎಂದು ಸಮಾಧಾನವೂ ಆಗಿತ್ತು. ಅದು ಯಾಕೆ ತಾನಾಗಿ ಕೂಡಿಕೊಳ್ಳುತ್ತದೆ ಎಂದು ಅವಳು ಕೇಳಿಕೊಂಡಿರಲಿಲ್ಲ. ಅವಳು. ಇಡೀ ದಿನ ಅಯಸ್ಕಾಂತದ ನೆರಳನ್ನು ಅಳೆಯುವವಳು. ಒಂದೊಂದು ಪಟ್ಟಿಯನ್ನು ಇಡುವಾಗಲೂ ಭೂತಗನ್ನಡಿಯ ಮೇಲೆ ಬಾಗಿ, ಎದೆಯನ್ನು ಅದರ ಮೇಲೇ ತಂದು ನಿಲ್ಲಿಸಿ, ಒಂದೊಂದನ್ನೇ ಕೈಯಾರೆ ತಿರುಗಿಸಿ ಹಾಕಿದ್ದಳು. ಕಳೆದ ವಾರ ಈ ಕೋಟು ಒಣಗದೆ ಹಳೆಯದನ್ನು ಹಾಕಿಕೊಂಡು ಬಂದ ದಿನ ಒಂದು ಪಟ್ಟಿಯೂ ತಿರುಗಿಬಿದ್ದಿರಲಿಲ್ಲ. ಪಾಪ, ಇವತ್ತು ಅಣ್ಣನ ಕೈ ಚೆನ್ನಾಗಿದೆ ಎಂದುಕೊಂಡಿದ್ದಳು. ಬುಟ್ಟಿಯಿಂದ ಫೋನು ಎತ್ತಿಕೊಂಡು ಮೆಟ್ಟಿಲ ಕೆಳಗಿನ ಸಂದಿಗೆ ಹೋಗಿ ಮನೆಗೆ ಮಾಡಿದಳು.

"ನನ್ನ ಕೋಟಿಗೆ ಏನ್ ಮಾಡಿದ್ರಿ?"

"ಯಾಕೆ, ಕಿತ್ತು ಬಂತಾ?" ಅತ್ತೆಯ ದನಿಯ ಹಿಂದೆ ಕುಕ್ಕರಿನ ಸೀಟಿ. "ಎರಡೆಳೆ ದಾರ ಹಾಕಿದ್ನಲ್ಲ."

"ಅದು ಎಲ್ಲಿಂದ ಬಂತು?"

"ನನ್ನ ಹಳೇ ಕೈಚೀಲದ್ದು ಕಣೆ. ಚೀಲ ಹರಿದ್ರೂ ಬಾಯಿ ಗಟ್ಟಿ ಇತ್ತು, ಚೆನ್ನಾಗಿ ಕಚ್ಕೊಳ್ತಿತ್ತು. ನಿನ್ನ ಹೆಬ್ಬೆರಳು ಬಿರಿದು ಗುಂಡಿ ಹಾಕೋಕೆ ಒದ್ದಾಡ್ತಿದ್ದೆಯಲ್ಲ, ಅದಕ್ಕೇ..."

"ನನ್ನ ಕೇಳಬಾರದಾ?"

"ಕೇಳಿದ್ರೆ ನೀನು ಹೂಂ ಅಂತಿದ್ಯಾ?"

ಅವಳು ಗೋಡೆಗೆ ಹಣೆ ಒತ್ತಿ ನಿಂತಳು. ಮದುವೆಯ ಹೊಸತರಲ್ಲಿ, ಮನೆ ತುಂಬ ನೆಂಟರಿರುವಾಗ, ಅತ್ತೆ ಇವಳ ಪೆಟ್ಟಿಗೆಯಿಂದ ಬಟ್ಟೆಗಳನ್ನು ಒಂದೊಂದೇ ಹೊರಗೆ ತೆಗೆದು ಬೆಳಕಿಗೆ ಹಿಡಿದು "ಹೊಲಿಗೆ ನೋಡಿ, ಅವರಮ್ಮನಿಗೆ ಸೂಜಿ ಹಿಡಿಯೋಕೂ ಬರ್ತಿರಲಿಲ್ಲ ಅಂತ ಕಾಣುತ್ತೆ" ಎಂದಿದ್ದಳು. ಆಮೇಲೆ ಅತ್ತೆಯೇ ಎಲ್ಲವನ್ನೂ ಬಿಚ್ಚಿ ರಾತ್ರಿಯೆಲ್ಲ ಕೂತು ಮತ್ತೆ ಹೊಲಿದಿದ್ದಳು. ಅವು ಹರಿಯದೆ ಹತ್ತು ವರ್ಷ ಬಾಳಿದವು. ಹಾಕಿಕೊಂಡಾಗಲೆಲ್ಲ ಮೈಗೆ ಮುಳ್ಳು ಚುಚ್ಚಿದ ಹಾಗಿರುತ್ತಿತ್ತು. ಆ ಸಿಟ್ಟನ್ನು ಅವಳು ಯಾವತ್ತೂ ಇಳಿಸಿರಲಿಲ್ಲ. ಗಂಡನ ಮೇಲೆ ಒಂದಿಷ್ಟು, ಮಗಳ ಮೇಲೆ ಒಂದಿಷ್ಟು, ಊಟದ ಹೊತ್ತಿನ ತಮಾಷೆಯಲ್ಲಿ ಒಂದಿಷ್ಟು, ಬಸ್ಸಿನ ಮುದುಕನ ಮೇಲೆ, ಸುಕ್ಕಿಲ್ಲದ ಅಂಗಿಯ ಮೇಲೆ. "ಏನಾಯ್ತೇ? ಮಾತಾಡು. ತೊಂದರೆ ಏನಾದ್ರೂ ಆಯ್ತಾ ಅದರಿಂದ?" ಈಗ ಹೇಳಬಹುದಿತ್ತು. ಹೇಳಿದರೆ ಆ ಮುದುಕಿ ಇವತ್ತು ಊಟ ಮಾಡುವುದಿಲ್ಲ, ನಾಳೆಯೂ ಮಾಡುವುದಿಲ್ಲ, ಸೂಜಿಯ ಡಬ್ಬಿಯನ್ನು ಎತ್ತಿ ಅಟ್ಟಕ್ಕೆ ಹಾಕುತ್ತಾಳೆ. ಬೈಯಲು ಬಾಯಿ ತೆರೆದಳು. "ಏನಿಲ್ಲ. ಆಮೇಲೆ ಮಾಡ್ತೀನಿ" ಎಂದು ಫೋನು ಇಟ್ಟಳು.

ಸುಮ್ಮನಿದ್ದರೆ ಆಯಿತು. ಬ್ಲೇಡಿನಲ್ಲಿ ನಾಲ್ಕು ಎಳೆ ಕತ್ತರಿಸಿ ಅದನ್ನು ಚರಂಡಿಗೆ ಎಸೆದು, ಟ್ರೇಗಳಿಗೆಲ್ಲ ಇನ್ನೊಂದು ಸಲ ಏಟು ಕೊಟ್ಟರೆ ಎಲ್ಲವೂ ಸರಿಹೋಗುತ್ತವೆ. ಬಿಲ್ಲೆ ಹೋಯಿತು, ಪಟ್ಟಿ ಸರಿಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಚೇಂಬರಣ್ಣ ಉಳಿಯುತ್ತಾನೆ. ಹೋಗುವವನು ಇಸ್ತ್ರಿ ಒಬ್ಬನೇ, ಅವನಿಗಾಗಿ ಇಲ್ಲಿ ಯಾರೂ ಅಳುವುದಿಲ್ಲ, ಅವನು ಚಿಕ್ಕವನು, ಓದಿದವನು, ಎಲ್ಲಾದರೂ ಬದುಕಿಕೊಳ್ಳುತ್ತಾನೆ. ಅದಲ್ಲದೆ ಬಿಲ್ಲೆ ಹಾಕಿಕೊಂಡು ಒಳಗೆ ಬಂದದ್ದು ಸುಳ್ಳೇನಲ್ಲವಲ್ಲ. ಇಷ್ಟೆಲ್ಲ ನ್ಯಾಯ ಅವಳಿಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಸಿಕ್ಕಿತು. ಮೇಲೆ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಅವನು ಮರೆತುಹೋದ ಕರವಸ್ತ್ರ ಇತ್ತು. ನಾಲ್ಕು ಮಡಿಕೆ, ಅಂಚಿಗೆ ಅಂಚು. ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಹೆಚ್ಚು ಕಾದು ಹಳದಿ ಕಲೆ ಕೂತಿತ್ತು. ಇದನ್ನು ಅವನಿಗೆ ಯಾರೂ ಮಾಡಿಕೊಡುವುದಿಲ್ಲ, ಬೆಳಿಗ್ಗೆ ಎದ್ದು ತಾನೇ ಮಾಡಿಕೊಳ್ಳುತ್ತಾನೆ ಎಂಬುದು ಅವಳಿಗೆ ಬೇಡದಿದ್ದರೂ ತಿಳಿಯಿತು. ಅವನನ್ನು ದ್ವೇಷಿಸುವುದನ್ನು ನಿಲ್ಲಿಸಲು ಅದೊಂದು ಕಾರಣವಾಗಲಿಲ್ಲ. ಬದಲಿಗೆ, ತನ್ನ ಎದುರು ಹೀಗೆ ಪಾಪದವನಾಗಿ ಬಂದು ನಿಲ್ಲಲು ಅವನಿಗೆ ಯಾವ ಹಕ್ಕಿದೆ ಎಂದು ಇನ್ನೂ ಸಿಟ್ಟು ಬಂತು.

ಮಧ್ಯಾಹ್ನ ಮೇಡಂ ಬಂದವರು ಕುರ್ಚಿಯ ತುದಿಯಲ್ಲಿ ಕೂತರು. ಮೇಜಿನ ಒಂದು ಕಡೆ ಇಸ್ತ್ರಿ, ಇನ್ನೊಂದು ಕಡೆ ಚೇಂಬರಣ್ಣ ಮತ್ತು ಅವಳು. ಅವಳು ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಬೇಗ ಮುಗಿಸೋಣ. ಇಷ್ಟು ಮಾಲು ಹಾಳಾಗಿದ್ದು ಯಾರ ತಪ್ಪಿಂದ?"

"ನಂದೇ ಮೇಡಂ" ಎಂದ ಇಸ್ತ್ರಿ. "ಬುಟ್ಟಿ ಬಾಗಿಲಲ್ಲೇ ಇತ್ತು. ಬಿಲ್ಲೆ ತೆಗೆದಿಟ್ಟು ಒಳಗೆ ಹೋಗಬೇಕಿತ್ತು. ತೋಚಲಿಲ್ಲ."

"ತೋಚಲಿಲ್ಲ ಅಂದ್ರೆ ಆಯ್ತಾ? ಇವರ ತಲೆ ಮೇಲೆ ಹಾಕಿ ನನ್ನ ಹತ್ರ ಬಂದ್ರಲ್ಲ, ಆಗ್ಲೂ ತೋಚಲಿಲ್ವಾ?" ಮೇಡಂ ಚೇಂಬರಣ್ಣನ ಕಡೆ ಬೆರಳು ತೋರಿಸಿದರು. ಚೇಂಬರಣ್ಣ ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲನೆ ಒತ್ತಿದ. "ನೋಡಿ, ನಿಮ್ಮನ್ನ ಖಾಯಂ ಮಾಡೋ ಮಾತು ಇನ್ನಿಲ್ಲ. ವಾರದ ಕೊನೇವರೆಗೆ..."

"ಅವರದ್ದಲ್ಲ."

ಅವಳ ಬಾಯಿಂದ ಅದು ಬೈಗುಳದ ಹಾಗೆ ಬಂತು. ಎಲ್ಲರೂ ತಿರುಗಿದರು.

"ಅವರು ಕೋಣೆಗೆ ಬರೋದು ಯಾವತ್ತೋ ಒಂದು ದಿನ. ಪಟ್ಟಿ ತಿರುಗಿಬೀಳ್ತಿದ್ದಿದ್ದು ದಿನಾ. ನೋಡಿ." ಕೋಟನ್ನು ಮೇಜಿನ ಮೇಲೆ ಹಾಸಿ ತಲೆಪಿನ್ನು ಬಿಟ್ಟಳು. ಟಿಕ್. "ಇದನ್ನ ಹಾಕ್ಕೊಂಡು ನಾನು ಒಂದೊಂದರ ಮೇಲೂ ಬಾಗ್ತಿದ್ದೆ. ಇದಿಲ್ಲದ ದಿನ ಎಲ್ಲ ಸರಿ ಇರ್ತಿತ್ತು. ಈಗಷ್ಟೇ ಕೋಟು ತೆಗೆದು ಒಂದು ಟ್ರೇ ಅಳೆದು ಬಂದೆ. ಒಂದೂ ತಿರುಗಿಬಿದ್ದಿಲ್ಲ."

ಮೇಡಂ ಪಿನ್ನನ್ನು ಕಿತ್ತು ಮತ್ತೆ ಬಿಟ್ಟು ನೋಡಿದರು, ಆಟದ ಸಾಮಾನು ಸಿಕ್ಕವರ ಹಾಗೆ. ಅವರ ತುಟಿಯ ಕೊನೆ ಅಲುಗಿತು. "ಏನ್ರೀ ಇದು! ಗುಂಡಿನಾ?" ಬಟ್ಟೆಯನ್ನು ಹತ್ತಿರ ತಂದುಕೊಂಡರು. "ಎಷ್ಟು ಅಚ್ಚುಕಟ್ಟಾಗಿ ಹೊಲಿದಿದಾರೆ. ಯಾರು ಹಾಕಿದ್ದು?"

ಚೇಂಬರಣ್ಣನ ಮುಖದಲ್ಲಿ ನಗು ಆಗಲೇ ಸಿದ್ಧವಾಗಿತ್ತು. ಅವನಿಗೆ ಉತ್ತರ ಗೊತ್ತು. ಇಸ್ತ್ರಿಗೂ ಗೊತ್ತು. ನಮ್ಮತ್ತೆ ಎಂದರೆ ಸಾಕು. ಒಂದೇ ಮಾತು, ಮೇಡಂ ನಗುತ್ತಾರೆ, ಚೇಂಬರಣ್ಣ ಮೇಜು ತಟ್ಟುತ್ತಾನೆ, ಪ್ಯಾಕಿಂಗಿಗೆ ಸುದ್ದಿ ಹೋಗುತ್ತದೆ, ನಾಳೆ ಊಟದ ಹೊತ್ತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ತಪ್ಪು ಎಂಬುದು ಒಂದು ತಮಾಷೆಯಾಗಿ ಕರಗಿ ಹೋಗುತ್ತದೆ. ಇಷ್ಟು ವರ್ಷ ಈ ಜನಕ್ಕೆ ಆ ನಗುವನ್ನು ಕಲಿಸಿದವಳು ಅವಳೇ. ಕುಕ್ಕರಿನ ಮುಂದೆ ಫೋನು ಹಿಡಿದು ನಿಂತ, ಇನ್ನೂ ನಿಂತೇ ಇರಬಹುದಾದ ಆ ಹೆಂಗಸಿನ ಮೇಲೆ ಈ ಮೂರು ಜನ ನಗಲು ಕಾಯುತ್ತಿದ್ದಾರೆ. ಅವಳಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು.

"ನಾನೇ" ಎಂದಳು.

"ನೀವಾ?" ಮೇಡಂ ಮುಖದಿಂದ ನಗು ಹೋಯಿತು. "ಇಷ್ಟು ವರ್ಷ ಇದೇ ಕೆಲಸ ಮಾಡಿ, ಅಯಸ್ಕಾಂತ ತಂದು ಕೈಯಾರೆ ಎದೆಗೆ ಹೊಲ್ಕೊಂಡ್ರಾ?"

"ಹೂಂ."

"ತಲೆ ನೆಟ್ಟಗಿದೆಯೇನ್ರೀ?"

ಮೇಡಂ ಕೋಟನ್ನು ಅವಳ ಕಡೆಗೆ ತಳ್ಳಿದರು. ನಾಳೆಯಿಂದ ಪ್ಯಾಕಿಂಗಿಗೆ ಹೋಗಿ, ಅಳತೆಗೆ ಬೇರೆಯವರನ್ನು ನೋಡುತ್ತೇನೆ ಎಂದರು. ಇಸ್ತ್ರಿಗೆ ಏನೂ ಹೇಳದೆ, ಅವನ ಕಡೆ ನೋಡಿ ಒಮ್ಮೆ ತಲೆಯಾಡಿಸಿ ಎದ್ದುಹೋದರು.

ಕಾರಿಡಾರಿನಲ್ಲಿ ಚೇಂಬರಣ್ಣ ಅವಳ ತೋಳು ಹಿಡಿದು ನಿಲ್ಲಿಸಿದ. "ಹುಚ್ಚು ಹಿಡಿದಿದೆಯೇನೇ ನಿಂಗೆ? ನಾನೂ ಬಚಾವು, ನೀನೂ ಬಚಾವು. ಬಾಯಿ ಮುಚ್ಕೊಂಡಿದ್ರೆ ಪೀಡೆ ತೊಲಗ್ತಿತ್ತು."

"ಕೈ ಬಿಡಿ ಅಣ್ಣಾ."

"ಅದೂ ನಾನೇ ಹೊಲಿದೆ ಅಂತೆ! ಸೂಜಿಗೆ ದಾರ ಪೋಣಿಸೋಕೆ ಬರಲ್ಲ ಅಂತ ನೀನೇ ಹೇಳಿದ್ದೆ. ಅದು ನಿಮ್ಮತ್ತೆ ಕೈಕೆಲಸ ತಾನೆ? ಮುದುಕಿ ಕೊನೆಗೂ..."

"ಇನ್ನೊಂದು ಸಲ ನಮ್ಮತ್ತೆ ಹೆಸರು ನಿಮ್ಮ ಬಾಯಲ್ಲಿ ಬಂದ್ರೆ ನಾನು ಮನುಷ್ಯಳಾಗಿರಲ್ಲ."

ಅವನು ಕೈ ಬಿಟ್ಟ. ಹೊಸದಾಗಿ ಬೋಳಿಸಿದ ಕೆನ್ನೆಯನ್ನು ಸವರಿಕೊಳ್ಳುತ್ತ, ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದ. ಅವಳು ಅವನನ್ನು ದಾಟಿ ಅಳತೆಯ ಕೋಣೆಗೆ ಹೋಗಿ ತಿರಸ್ಕಾರವಾದ ಟ್ರೇಗಳನ್ನು ಕಪಾಟಿನಿಂದ ಇಳಿಸಲು ಶುರುಮಾಡಿದಳು. ಯಾರೂ ಮಾಡು ಎಂದಿರಲಿಲ್ಲ. ಒಂದೊಂದಾಗಿ ಸುರುಳಿಗೆ ಹಾಕಿ ಏಟು ಕೊಡುವುದು, ಅಳೆಯುವುದು, ಒಳ್ಳೆಯದರ ಡಬ್ಬಿಗೆ ಹಾಕುವುದು. ಹೆಬ್ಬೆರಳಿನ ಬಿರುಕಿನಿಂದ ಸಣ್ಣಗೆ ರಕ್ತ ಬಂದಿತ್ತು. ಇಸ್ತ್ರಿ ಒಳಗೆ ಬಂದು ಗೋಡೆಗೆ ಒರಗಿ ನಿಂತದ್ದು ಗೊತ್ತಾಯಿತು. ತಿರುಗಲಿಲ್ಲ.

"ನೀವು ಏನಾದ್ರೂ ಹೇಳ್ತೀರೇನೋ ಅಂತ ಹೊರಗೆ ಕಾಯ್ತಾ ಇದ್ದೆ" ಎಂದ.

"ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ."

"ಗೊತ್ತು."

"ನಿನ್ನೆಗಿಂತ ಇವತ್ತು ಇನ್ನೂ ಆಗಲ್ಲ."

"ಅದೂ ಗೊತ್ತಾಯ್ತು." ಗೋಡೆ ಬಿಟ್ಟು ಬಾಗಿಲ ಕಡೆ ಹೊರಟ. "ಸರಿ, ಬರ್ತೀನಿ. ಮೇಡಂ ಮುಂದೆ ಹೇಳಿದ್ರಲ್ಲ, ಸಾಕು."

"ಏನು ಸಾಕು?" ಅವಳು ಚಿಮುಟ ಕೆಳಗಿಟ್ಟು ತಿರುಗಿದಳು. ಧ್ವನಿ ನಡುಗುತ್ತಿತ್ತು, ಅದನ್ನು ಗಟ್ಟಿ ಮಾಡಲು ಇನ್ನೂ ಜೋರಾಗಿ ಮಾತಾಡಿದಳು. "ಮೇಡಂ ಮುಂದೆ ಅಂದಿದ್ದೆನಾ ನಾನು ನಿಮಗೆ? ಪ್ಯಾಕಿಂಗಿನೋರ ಮುಂದೆ ಅಂದಿದ್ದು. ಅವರ ಮುಂದೆ ಅಂಗಿ ಕೊಡವಿಸಿದ್ದು, ಅವರ ಮುಂದೆ ಜೇಬು ತೆಗೆಸಿದ್ದು. ಅವರು ಇನ್ನೂ ಅದನ್ನೇ ಹೇಳ್ಕೊಂಡು ನಗ್ತಾ ಇದಾರೆ. ನಾಳೆ ಬೆಳಿಗ್ಗೆ ಎಲ್ಲರೂ ಬಂದ ಮೇಲೆ ಬನ್ನಿ. ನಾನೂ ಅಲ್ಲೇ ಇರ್ತೀನಿ."

"ಬೇಡ. ನನಗೆ ಅದೆಲ್ಲ..."

"ನಿಮಗೆ ಬೇಕಾ ಬೇಡ್ವಾ ಅಂತ ಯಾರು ಕೇಳಿದ್ರು? ತಪ್ಪು ನಂದು ಅಂತ ಹೇಳೋಳು ನಾನು. ನೀವು ಬಂದು ಎದುರಿಗೆ ನಿಂತು ಕೇಳಿಸ್ಕೊಳ್ಳಿ, ಅಷ್ಟೆ. ತಲೆ ತಗ್ಗಿಸ್ಕೊಂಡು ನಿಂತ್ರೆ ಅಲ್ಲೂ ಬೈತೀನಿ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಕೊನೆಗೆ, "ಎಷ್ಟು ಹೊತ್ತಿಗೆ?" ಎಂದ.

"ಗಂಟೆ ಹೊಡೆದ ತಕ್ಷಣ" ಎಂದು, ಅವಳು ಮುಂದಿನ ಪಟ್ಟಿಯನ್ನು ಎತ್ತಿಕೊಂಡಳು.